ಪಶುವೈದ್ಯಕೀಯ ಪ್ರತಿಜೀವಕಗಳು

ಸಾಕುಪ್ರಾಣಿಗಳಿಗೆ ಬ್ಯಾಕ್ಟೀರಿಯಾಗಳಿಂದ ತಗಲುವ ರೋಗಗಳನ್ನು ಗುಣಪಡಿಸಲು ಬಳಸುವ ಔಷಧಗಳು. ಪೆನಿಸಿಲಿನ್ ಮತ್ತು ಸೆಫಲೋಸ್ಪೊರಿನ್‌ಗಳು ಸೇರಿದ ಬೀಟಾ-ಲ್ಯಾಕ್ಟಮ್, ಅಮೈನೊಗ್ಲೈಕೊಸೈಡ್, ಟೆಟ್ರಾಸೈಕ್ಲಿನ್, ಮ್ಯಾಕ್ರೊಲೈಡ್, ಫ್ಲೂರೊಕ್ವಿನೊಲೋನ್ ಇವುಗಳ ಮುಖ್ಯ ವರ್ಗಗಳು. ಸಲ್ಫಾ ಔಷಧಗಳು ಪೆನಿಸಿಲಿನ್ನಿನಂತೆ ಸೂಕ್ಷ್ಮಜೀವಿಗಳಿಂದ ಬಂದವಲ್ಲ, ಪ್ರಯೋಗಾಲಯದಲ್ಲಿ ತಯಾರಾದವು. ಆದರೂ ಪಶುವೈದ್ಯಕೀಯ ಪ್ರತಿಜೀವಕಗಳ ಚರಿತ್ರೆ ಅವುಗಳಿಂದಲೇ ಶುರುವಾಗುತ್ತದೆ. ಜರ್ಮನಿಯ ಗೆರ್ಹಾರ್ಡ್ ಡೊಮಾಕ್ 1935ರಲ್ಲಿ ಪ್ರಾಂಟೊಸಿಲ್ ಎಂಬ ಸಲ್ಫಾ ಔಷಧದ ಕುರಿತು ಪ್ರಕಟಿಸಿದ ಮೇಲೆ ಸಲ್ಫಾ ದನದ ಕೊಟ್ಟಿಗೆಗೂ ಬಂತು. ಗಳಲೆ ರೋಗಕ್ಕೆ ಸಲ್ಫಾ ಚುಚ್ಚುಮದ್ದು ಹಾಕುವುದು ನಮ್ಮ ಪಶುವೈದ್ಯರಿಗೆ ಬಹುಕಾಲದ ರೂಢಿ.

ಹೈನುಗಾರಿಕೆಯಲ್ಲಿ ಪ್ರತಿಜೀವಕಗಳಿಗೆ ಬಾಗಿಲು ತೆರೆದದ್ದು ಕೆಚ್ಚಲು ಬಾವು. ಮಣ್ಣಿನ ಬ್ಯಾಕ್ಟೀರಿಯಾದಿಂದ ರೆನೆ ಡುಬೊ 1939ರಲ್ಲಿ ಬೇರ್ಪಡಿಸಿದ ಗ್ರಾಮಿಸಿಡಿನ್ ರಕ್ತಕ್ಕೆ ಸೇರಿದರೆ ವಿಷ. ಆದರೆ ಕೆಚ್ಚಲಿನೊಳಗೆ ಏರಿಸಿದರೆ ಕೆಲಸ ಮಾಡುತ್ತಿತ್ತು; ನ್ಯೂಯಾರ್ಕ್ ವಿಶ್ವ ಮೇಳಕ್ಕೆ ತಂದಿದ್ದ ಹಸುಗಳಿಗೆ ಬಾವು ತಗಲಿದಾಗ ಇದನ್ನೇ ಬಳಸಲಾಯಿತು. ಎರಡನೇ ಮಹಾಯುದ್ಧದ ನಂತರ ಪೆನಿಸಿಲಿನ್ ಅಗ್ಗವಾಗಿ, ಮೊಲೆತೊಟ್ಟಿನ ಮೂಲಕ ಏರಿಸುವ ಟ್ಯೂಬು ರೈತರ ಕೈಗೇ ಸಿಕ್ಕಿತು. ಅದರ ಬೆನ್ನಿಗೇ ಚೀಸ್ ತಯಾರಕರ ದೂರು ಬಂತು: ಹಾಲಿಗೆ ಹೆಪ್ಪು ಹಾಕಿದರೂ ಹುಳಿಯಾಗುತ್ತಿಲ್ಲ. ಹಾಲಿನಲ್ಲಿ ಉಳಿದ ಪೆನಿಸಿಲಿನ್ ಹೆಪ್ಪಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತಿತ್ತು. ಔಷಧ ಕೊಟ್ಟ ಮೇಲೆ ಇಂತಿಷ್ಟು ದಿನ ಹಾಲು ಮಾರಬಾರದೆಂಬ ನಿಯಮ ಬಲವಾಗಲು ಜನರ ಆರೋಗ್ಯದ ಕಾಳಜಿಯಷ್ಟೇ ಈ ನಷ್ಟವೂ ಕಾರಣ.

ದಾರಿ ತಪ್ಪಿದ್ದು ಮೇವಿನಲ್ಲಿ. ಟೆಟ್ರಾಸೈಕ್ಲಿನ್ ವರ್ಗದ ಮೊದಲ ಔಷಧ ಆರಿಯೊಮೈಸಿನ್ 1948ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಿಂದ ಹೊರಬಂತು. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಔಷಧ ತೆಗೆದ ಮೇಲೆ ಉಳಿದ ಚರಟವನ್ನು ಅದೇ ಸಂಸ್ಥೆಯ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಡ್ ವಿಟಮಿನ್ ಬಿ-12ಕ್ಕಾಗಿ ಕೋಳಿಮರಿಗಳಿಗೆ ತಿನ್ನಿಸಿದರು. ವಿಟಮಿನ್ನಿನ ಲೆಕ್ಕಕ್ಕೂ ಮೀರಿ ಮರಿಗಳು ಬೆಳೆದವು; ಚರಟದಲ್ಲಿ ಉಳಿದಿದ್ದ ಔಷಧವೇ ಕಾರಣ. 1951ರಲ್ಲಿ ಅಮೆರಿಕ ಸರ್ಕಾರ ಮೇವಿಗೆ ಪ್ರತಿಜೀವಕ ಬೆರೆಸಲು ಅನುಮತಿಯನ್ನೂ ಕೊಟ್ಟಿತು. ರೋಗವೇ ಇಲ್ಲದ ಲಕ್ಷಾಂತರ ಪ್ರಾಣಿಗಳಿಗೆ ದಿನವೂ ಚೂರು ಚೂರು ಔಷಧ ತಿನ್ನಿಸುವುದೆಂದರೆ, ಅದನ್ನು ತಾಳಿಕೊಳ್ಳಲು ಬ್ಯಾಕ್ಟೀರಿಯಾಗಳಿಗೆ ನಾವೇ ತರಬೇತಿ ಕೊಟ್ಟಂತೆ.

ಹೀಗೆ ಔಷಧವನ್ನು ತಾಳಿಕೊಳ್ಳುವ ಪ್ರತಿರೋಧ ಶಕ್ತಿ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲುದೆಂದು ಜಪಾನಿನ ವಿಜ್ಞಾನಿಗಳು 1950ರ ದಶಕದ ಕೊನೆಗೇ ಕಂಡುಕೊಂಡಿದ್ದರು. ಹಲವು ಔಷಧಗಳಿಗೆ ಜಗ್ಗದ ಸಾಲ್ಮೊನೆಲ್ಲಾ ಕರುಗಳಿಂದ ಮನುಷ್ಯರಿಗೆ ಬರುತ್ತಿದೆಯೆಂದು ಬ್ರಿಟನ್ನಿನ ಇ. ಎಸ್. ಆಂಡರ್ಸನ್ 1960ರ ದಶಕದಲ್ಲಿ ತೋರಿಸಿದರು. ಮನುಷ್ಯರ ಚಿಕಿತ್ಸೆಗೆ ಬೇಕಾದ ಔಷಧಗಳನ್ನು ಬೆಳವಣಿಗೆಗೆಂದು ಮೇವಿಗೆ ಬೆರೆಸಕೂಡದೆಂದು ಅದೇ ದೇಶದ 1969ರ ಸ್ವಾನ್ ವರದಿ ಹೇಳಿತು. ಅದರಲ್ಲೂ ಸಂದಿ ಉಳಿಯಿತು. ಮನುಷ್ಯರಿಗೆ ಬಳಸದ ಅವೊಪಾರ್ಸಿನ್ ಮೇವಿನಲ್ಲಿ ಮುಂದುವರಿಯಿತು; ಅದು ಆಸ್ಪತ್ರೆಗಳ ಕೊನೆಯ ಆಸರೆಗಳಲ್ಲೊಂದಾದ ವ್ಯಾಂಕೊಮೈಸಿನ್‌ನ ಹತ್ತಿರದ ನೆಂಟ. ಡೆನ್ಮಾರ್ಕ್ ಅವೊಪಾರ್ಸಿನ್ ಬಳಕೆಯನ್ನು 1995ರಲ್ಲಿ ನಿಲ್ಲಿಸಿತು. ಬೆಳವಣಿಗೆಗಾಗಿ ಪ್ರತಿಜೀವಕ ಬಳಸುವುದನ್ನು ಸ್ವೀಡನ್ 1986ರಲ್ಲೇ ನಿಷೇಧಿಸಿದರೆ, ಐರೋಪ್ಯ ಒಕ್ಕೂಟ ಪೂರ್ತಿ ನಿಷೇಧಿಸಲು 2006ರವರೆಗೆ ಕಾಯಿತು. ಕೋಳಿಗಳಿಗೆ ಫ್ಲೂರೊಕ್ವಿನೊಲೋನ್ ವರ್ಗದ ಎನ್ರೊಫ್ಲಾಕ್ಸಸಿನ್ ಕೊಡುವುದನ್ನು ಅಮೆರಿಕ 2005ರಲ್ಲಿ ನಿಲ್ಲಿಸಿತು. ಕೊಲಿಸ್ಟಿನ್ ಎಂಬ ಪ್ರತಿಜೀವಕಕ್ಕೆ ಪ್ರತಿರೋಧ ಒಡ್ಡುವ, ಸುಲಭವಾಗಿ ಹರಡಬಲ್ಲ ಎಂಸಿಆರ್-1 ಜೀನ್ ಚೀನಾದಲ್ಲಿ 2015ರಲ್ಲಿ ವರದಿಯಾಯಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ಭಾರತ 2019ರಲ್ಲಿ ನಿಷೇಧಿಸಿತು.

ಔಷಧದ ವರ್ಗ ನೋಡಿದರಷ್ಟೇ ಸಾಲದು, ಪ್ರಾಣಿಯ ಜಾತಿಯನ್ನೂ ನೋಡಬೇಕು. ಬಾಯಿಯ ಮೂಲಕ ಕೊಟ್ಟ ಪೆನಿಸಿಲಿನ್ ಮೊಲ ಮತ್ತು ಗಿನಿಯಿಲಿಗಳ ಕರುಳಿನ ಸೂಕ್ಷ್ಮಜೀವಿಗಳನ್ನು ಏರುಪೇರು ಮಾಡಿ ಆ ಪ್ರಾಣಿಗಳನ್ನೇ ಕೊಲ್ಲಬಹುದು. ಮೆಲುಕು ಹಾಕುವ ದೊಡ್ಡ ದನಕ್ಕೆ ಹಲವು ಪ್ರತಿಜೀವಕಗಳನ್ನು ಕುಡಿಸಿದರೆ ಮೊದಲ ಹೊಟ್ಟೆಯ ಜೀವಿಗಳು ಸತ್ತು ಮೇವು ತಿನ್ನುವುದೇ ನಿಲ್ಲುತ್ತದೆ. ಎನ್ರೊಫ್ಲಾಕ್ಸಸಿನ್ ಹೆಚ್ಚಾದರೆ ಬೆಕ್ಕು ಕುರುಡಾಗಬಹುದು. ಕೋಳಿಯ ಮೇವಿಗೆ ಬೆರೆಸುವ ಮೊನೆನ್ಸಿನ್ ಕುದುರೆಗೆ ಪ್ರಾಣಾಂತಿಕ. ಅಮೈನೊಗ್ಲೈಕೊಸೈಡ್ ವರ್ಗದ ಜೆಂಟಾಮೈಸಿನ್ ಮೂತ್ರಪಿಂಡಕ್ಕೆ ಪೆಟ್ಟು ಕೊಡುವುದಲ್ಲದೆ ಅಲ್ಲಿಯೇ ತಿಂಗಳುಗಟ್ಟಲೆ ಉಳಿಯುತ್ತದೆ. ನೆಗಡಿಯಂಥ ವೈರಸ್ ರೋಗಗಳಿಗಂತೂ ಇವು ಯಾವುವೂ ನಾಟುವುದಿಲ್ಲ.

ಭಾರತದಲ್ಲಿ 2012ರ ಆರಂಭದಲ್ಲಿ ತಿದ್ದುಪಡಿಯಾದ ಔಷಧ ನಿಯಮದಂತೆ, ಆಹಾರಕ್ಕಾಗಿ ಸಾಕುವ ಪ್ರಾಣಿಗಳ ಔಷಧದ ಪೊಟ್ಟಣದ ಮೇಲೆ, ಅದನ್ನು ಕೊಟ್ಟ ನಂತರ ಹಾಲು, ಮೊಟ್ಟೆ, ಮಾಂಸ ಬಳಸಲು ಎಷ್ಟು ದಿನ ಕಾಯಬೇಕೆಂದು ನಮೂದಿಸಬೇಕು. ಪರೀಕ್ಷೆಯಿಂದ ಅವಧಿ ಗೊತ್ತಾಗಿಲ್ಲದಿದ್ದರೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಒಂದೇ ಮೊಲೆಗೆ ಟ್ಯೂಬು ಏರಿಸಿದ್ದರೂ ನಾಲ್ಕೂ ಮೊಲೆಗಳ ಹಾಲನ್ನು ಡೈರಿಗೆ ಹಾಕಬಾರದು; ಔಷಧ ರಕ್ತದ ಮೂಲಕ ಉಳಿದವಕ್ಕೂ ಹೋಗುತ್ತದೆ. ಆ ಹಾಲನ್ನು ಕರುವಿಗೂ ಕುಡಿಸಬಾರದು.