ಹಡಗಿನ ಚಾರ್ಜಿನ ಸಾಲ: ಪೆನಾಂಗಿನ ಗುಪ್ತ ಸಂಘಗಳ ಕಥೆ

ವಿದೇಶದಲ್ಲಿರುವ ಚೀನೀ ಅಪರಾಧ ಜಾಲ ಅಂದ ಕೂಡಲೇ ನಮಗೆ ಸಿನಿಮಾದ ಕತ್ತಿ, ಮೈತುಂಬ ಹಚ್ಚೆ ನೆನಪಾಗುತ್ತೆ. ಅದರ ಬೇರು ಹುಡುಕಿದರೆ ಸಿಗುವುದು ಒಂದು ಸಾಲದ ಲೆಕ್ಕ.

ಸುಮಾರು 150 ವರ್ಷದ ಹಿಂದಿನ ಮಾತು. ಇಂದಿನ ಮಲೇಷ್ಯಾದ ಪೆನಾಂಗ್ ದ್ವೀಪ ಆಗ ಬ್ರಿಟಿಷರ ಕೈಯಲ್ಲಿತ್ತು. ಅಲ್ಲಿಗೆ ದಕ್ಷಿಣ ಚೀನಾದಿಂದ ಹಡಗು ತುಂಬ ಬಡ ರೈತರ ಮಕ್ಕಳು ಕೂಲಿಗೆ ಬರುತ್ತಿದ್ದರು. ಟಿಕೆಟ್ಟಿಗೆ ಕಾಸಿಲ್ಲ, ದಲ್ಲಾಳಿಯೇ ಕೊಟ್ಟಿರುತ್ತಿದ್ದ. ಬಂದರಿನಲ್ಲಿ ಗಣಿಯವನೋ ತೋಟದವನೋ ಆ ಸಾಲ ತೀರಿಸಿ ಆಳನ್ನು ಕರೆದೊಯ್ಯಬೇಕು. ಅಲ್ಲಿಯವರೆಗೆ ಕಾವಲಿನಲ್ಲೇ ಇರಬೇಕು. ಇದನ್ನು ಚೀನೀಯರೇ 'ಹಂದಿಮರಿ ವ್ಯಾಪಾರ' ಅಂತ ಕರೆದರು.

ಹೀಗೆ ಬಂದವನಿಗೆ ಅಲ್ಲಿನ ಭಾಷೆ ಬರಲ್ಲ, ಪೊಲೀಸರಿಗೆ ಇವನ ಭಾಷೆ ಬರಲ್ಲ. ಆಗ ಕೈಹಿಡಿಯುತ್ತಿದ್ದದ್ದು ಗೀ ಹಿನ್, ಹೈ ಸಾನ್‌ನಂಥ ಸಂಘಗಳು. ದೇವರ ಮುಂದೆ ಪ್ರಮಾಣ ಮಾಡಿ ಅಣ್ಣತಮ್ಮಂದಿರಾಗುತ್ತಿದ್ದರು. ಜಗಳ ಬಿಡಿಸುವುದು, ಸತ್ತರೆ ಮಣ್ಣು ಮಾಡುವುದು, ಎಲ್ಲಾ ಸಂಘದ್ದೇ. ಇದನ್ನು ಮರೆಯಬಾರದು, ಇವು ಹುಟ್ಟುತ್ತಲೇ ಗೂಂಡಾ ಪಡೆಗಳಾಗಿರಲಿಲ್ಲ. ಆದರೆ ಅದೇ ಸಂಘಗಳ ಮುಖಂಡರು ಕೂಲಿಗಳನ್ನು ಪೂರೈಸುತ್ತಿದ್ದರು, ಜೂಜಿನ ಅಡ್ಡೆ ನಡೆಸುತ್ತಿದ್ದರು. ಸಾಲ ತೀರಿಸದೆ ಓಡಿಹೋದವನನ್ನು ಹಿಡಿದು ತರುತ್ತಿದ್ದವರೂ ಅವರ ಕಡೆಯವರೇ. ಹೆಚ್ಚು ನರಳಿದವರು ಅವರದೇ ದೇಶದ ಬಡ ಕೂಲಿಗಳು.

ಇನ್ನು ಅಫೀಮು. ಬ್ರಿಟಿಷ್ ಸರ್ಕಾರ ಅಫೀಮು ಮಾರುವ ಹಕ್ಕನ್ನು ಹರಾಜು ಹಾಕುತ್ತಿತ್ತು, ನಮ್ಮಲ್ಲಿ 2007ರವರೆಗೆ ಇದ್ದ ಸಾರಾಯಿ ಗುತ್ತಿಗೆಯ ಹಾಗೆ. ಗುತ್ತಿಗೆ ಹಿಡಿದವರು ಶ್ರೀಮಂತ ಚೀನೀ ವ್ಯಾಪಾರಿಗಳು, ಕಳ್ಳಮಾಲು ತಡೆಯಲು ಬೇಕಾದ ತೋಳ್ಬಲ ಸಂಘಗಳದ್ದು. ಸರಕು ಬರುತ್ತಿದ್ದದ್ದು ಬಹುಪಾಲು ನಮ್ಮ ದೇಶದಿಂದಲೇ. ಬಿಹಾರ, ಬನಾರಸ್ ಕಡೆ ಬೆಳೆದ ಅಫೀಮು ಕಲ್ಕತ್ತೆಯಲ್ಲಿ ಹರಾಜಾಗಿ ಹಡಗು ಹತ್ತುತ್ತಿತ್ತು. ಕೆಲವು ವರ್ಷ ಸಿಂಗಪುರ ಸರ್ಕಾರದ ಆದಾಯದಲ್ಲಿ ಅರ್ಧದಷ್ಟು ಈ ಗುತ್ತಿಗೆಯಿಂದಲೇ ಬಂತು. ಗಣಿ ಮಾಲೀಕ ಕೂಲಿಗೆ ಅಫೀಮನ್ನೂ ಸಾಲವಾಗಿ ಕೊಡುತ್ತಿದ್ದ. ದುಡಿದ ಕೂಲಿ ಮತ್ತೆ ಮಾಲೀಕನ ಪೆಟ್ಟಿಗೆಗೇ. ಇದು ಜೀತವಲ್ಲದೆ ಮತ್ತೇನು?

ಇಷ್ಟು ದುಡ್ಡಿದ್ದ ಮೇಲೆ ಹೊಡೆದಾಟ ಆಗದೇ ಇರುತ್ತಾ? ಪೆನಾಂಗಿನ ಎದುರು ದಂಡೆಯಲ್ಲಿರುವ ಲಾರುತ್‌ನ ತವರದ ಗಣಿಗಳಿಗಾಗಿ ಗೀ ಹಿನ್ ಮತ್ತು ಹೈ ಸಾನ್ 1861ರಿಂದ 1874ರ ನಡುವೆ ಮತ್ತೆ ಮತ್ತೆ ಕಾದಾಡಿದವು. 1867ರಲ್ಲಿ ಪೆನಾಂಗ್ ಪಟ್ಟಣದಲ್ಲೇ ಗೀ ಹಿನ್‌ಗೂ ತುವಾ ಪೆಕ್ ಕಾಂಗ್ ಎಂಬ ಇನ್ನೊಂದು ಸಂಘಕ್ಕೂ ದಂಗೆಯಾಯಿತು. ಅಲ್ಲಿ ನೆಲೆಸಿದ್ದ ಮಲಯ ಮತ್ತು ಭಾರತೀಯ ಮೂಲದ ಮುಸ್ಲಿಮರ ಬಿಳಿ ಬಾವುಟ, ಕೆಂಪು ಬಾವುಟದ ಗುಂಪುಗಳೂ ಒಂದೊಂದು ಕಡೆ ಸೇರಿಕೊಂಡವು.

1874ರ ಜನವರಿಯಲ್ಲಿ ಪಾಂಕೋರ್ ದ್ವೀಪದಲ್ಲಿ ಬ್ರಿಟಿಷರು ರಾಜಿ ಮಾಡಿಸಿದರು. ಆಮೇಲೆ ಜೈಲಿಗೆ ಹೋದವರು ಯಾರು ಅಂತೀರಾ? ಹೈ ಸಾನ್ ನಾಯಕ ಚುಂಗ್ ಕೆಂಗ್ ಕ್ವೀ, ಗೀ ಹಿನ್ ನಾಯಕ ಚಿನ್ ಆ ಯಾಮ್ ಇಬ್ಬರೂ ಪೆರಾಕ್ ಸರ್ಕಾರದ ಸಲಹಾ ಮಂಡಳಿಯ ಸದಸ್ಯರಾದರು!

ಸಂಘಗಳನ್ನೇ ನಿಷೇಧಿಸುವ ಕಾನೂನು ಬಂದದ್ದು 1890ರಲ್ಲಿ. ದೊಡ್ಡ ಸಂಘಗಳು ಒಡೆದು ಸಣ್ಣ ಸಣ್ಣ ಗ್ಯಾಂಗುಗಳಾದವು. ಹೆಸರು ಮಾತ್ರ ಸಾಯಲಿಲ್ಲ. ಗೀ ಹಿನ್ ಸೇರಿದ್ದ ಹಳೆಯ ಸೋದರತ್ವಕ್ಕೆ 'ಹಾಂಗ್‌ಮೆನ್' ಅನ್ನುತ್ತಾರೆ. ಮಕಾವಿನ '14ಕೆ' ಗ್ಯಾಂಗಿನ ನಾಯಕ ವಾನ್ ಕ್ವೋಕ್ ಕೋಯ್, ಅಡ್ಡಹೆಸರು 'ಮುರುಕು ಹಲ್ಲು', 2012ರಲ್ಲಿ ಜೈಲಿನಿಂದ ಹೊರಬಂದ ಮೇಲೆ ಕಾಂಬೋಡಿಯಾದಲ್ಲಿ ಅದೇ ಹಾಂಗ್‌ಮೆನ್ ಹೆಸರಲ್ಲಿ 'ಇತಿಹಾಸ ಮತ್ತು ಸಂಸ್ಕೃತಿ' ಸಂಘ ಕಟ್ಟಿದ. 2020ರ ಡಿಸೆಂಬರಿನಲ್ಲಿ ಅಮೆರಿಕ ಅವನ ಮೇಲೂ ಆ ಸಂಘದ ಮೇಲೂ ನಿರ್ಬಂಧ ಹೇರಿತು.

ಇಂದು ಕಾಂಬೋಡಿಯಾದಲ್ಲಿ, ಮ್ಯಾನ್ಮಾರಿನ ಮ್ಯಾವಡಿ ಸುತ್ತ ಆನ್‌ಲೈನ್ ವಂಚನೆಯ ಕೋಟೆಗಳು ಎದ್ದಿವೆ. ಹಲವನ್ನು ನಡೆಸುವುದು ಚೀನೀ ಜಾಲಗಳು. 'ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ' ಅಂತ ನಂಬಿ ಹೋಗಿ ಸಿಕ್ಕಿಬಿದ್ದ ಭಾರತೀಯರಲ್ಲಿ ಕರ್ನಾಟಕದವರೂ ಇದ್ದಾರೆ. 2025ರ ಮಾರ್ಚಿನಲ್ಲಿ ಎರಡು ವಿಮಾನಗಳಲ್ಲಿ ಸರ್ಕಾರ 549 ಮಂದಿಯನ್ನು ವಾಪಸು ಕರೆತಂತು. ಇಂಥ ಕಡೆ ಹೋದ ಕೂಡಲೇ ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ. ಮನೆಗೆ ಹೋಗುತ್ತೇನೆ ಅಂದವನ ಮುಂದೆ ಒಂದು ಲೆಕ್ಕ ಇಡುತ್ತಾರೆ: ವಿಮಾನದ ಟಿಕೆಟ್ಟು, ಏಜೆಂಟನಿಗೆ ಕೊಟ್ಟದ್ದು, ಊಟ, ರೂಮು. ಅಷ್ಟು ಕಟ್ಟಿದರೆ ಮಾತ್ರ ಗೇಟು ತೆರೆಯುತ್ತೆ.