ಇಪ್ಪತ್ತೈದು ಮೀಟರ್ ದೂರದ ನಂಬರ್ ಪ್ಲೇಟು
(ಚಾಲಕರ ದೇಹಕ್ಷಮತೆ ಪರೀಕ್ಷೆಯ ಹಿಂದಿನ ವಿಜ್ಞಾನ ಮತ್ತು ಇತಿಹಾಸ)

ಹುನಗುಂದ, ಇಳಕಲ್, ಮರೋಳದ ಕಡೆಯ ಓದುಗರಿಗೆ ಗ್ರಾನೈಟ್ ಬಂಡೆಗಳನ್ನು ಹೊತ್ತ ಲಾರಿಗಳು ಹೊಸತಲ್ಲ. ಟನ್ನುಗಟ್ಟಲೆ ಭಾರದ ಕಲ್ಲನ್ನು ಹೇರಿಕೊಂಡು ರಾಷ್ಟ್ರೀಯ ಹೆದ್ದಾರಿ 50ರಲ್ಲಿ ರಾತ್ರಿ ಹಗಲು ಓಡುವ ಆ ವಾಹನದ ಚಾಲಕ ಲೈಸೆನ್ಸ್ ಪಡೆಯುವ ಮುನ್ನ ನೋಂದಾಯಿತ ವೈದ್ಯರಿಂದ 'ನಮೂನೆ 1ಎ' ಎಂಬ ಪ್ರಮಾಣಪತ್ರ ತರಬೇಕು. ಅದರಲ್ಲಿ ಒಂದು ಪ್ರಶ್ನೆ ಹೀಗಿದೆ: ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಮೋಟಾರು ಕಾರಿನ ನಂಬರ್ ಪ್ಲೇಟನ್ನು ಅರ್ಜಿದಾರ ಗುರುತಿಸಬಲ್ಲನೇ? ಇಪ್ಪತ್ತೈದೇ ಏಕೆ? ನಂಬರ್ ಪ್ಲೇಟೇ ಏಕೆ? ಉತ್ತರಕ್ಕಾಗಿ ನೀವು ನನ್ನೊಡನೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಕ್ಷರವೂ ಕೋನವೂ

1862ರಲ್ಲಿ ನೆದರ್‌ಲೆಂಡ್ಸಿನ ನೇತ್ರವೈದ್ಯ ಹೆರ್ಮನ್ ಸ್ನೆಲ್ಲೆನ್ ತನ್ನ ಅಕ್ಷರ ಫಲಕವನ್ನು ಪ್ರಕಟಿಸಿದ. ಕಣ್ಣಿನ ಆಸ್ಪತ್ರೆಯಲ್ಲಿ ಇಂದಿಗೂ ನೀವು ಓದುವುದು ಆ ಫಲಕದ ಸಂತತಿಯನ್ನೇ. ಅವನ ಆಲೋಚನೆ ಸರಳ. ವಸ್ತು ಕಾಣುವುದು ಅದರ ಎತ್ತರದಿಂದಲ್ಲ, ಅದು ಕಣ್ಣಿನಲ್ಲಿ ಉಂಟುಮಾಡುವ ಕೋನದಿಂದ. ಸಾಮಾನ್ಯ ದೃಷ್ಟಿಯವರು ಓದಬಲ್ಲ ಅಕ್ಷರದ ಎತ್ತರ 5 ಮಿನಿಟು ಕೋನವನ್ನೂ ಅದರ ಗೆರೆಯ ದಪ್ಪ 1 ಮಿನಿಟು ಕೋನವನ್ನೂ ಉಂಟುಮಾಡುವಂತೆ ಅವನು ಅಕ್ಷರಗಳನ್ನು ರಚಿಸಿದ. (60 ಮಿನಿಟು ಸೇರಿ ಒಂದು ಡಿಗ್ರಿ.) 6 ಮೀಟರ್ ದೂರದಲ್ಲಿ ಇಂಥ ಅಕ್ಷರದ ಎತ್ತರ ಸುಮಾರು 8.7 ಮಿಲಿಮೀಟರ್. ಇದನ್ನು ಓದಿದವರ ದೃಷ್ಟಿ 6/6. ಇತರರು 12 ಮೀಟರ್‌ನಿಂದ ಓದುವ ಅಕ್ಷರವನ್ನು 6 ಮೀಟರ್‌ಗೆ ಬಂದ ಮೇಲಷ್ಟೇ ಓದಬಲ್ಲವರದು 6/12.

ಈಗ ನಂಬರ್ ಪ್ಲೇಟಿಗೆ ಬನ್ನಿ. ನಮ್ಮ ನಿಯಮಗಳ ಪ್ರಕಾರ ಕಾರಿನ ಪ್ಲೇಟಿನ ಅಕ್ಷರ 65 ಮಿ.ಮೀ. ಎತ್ತರ, ಗೆರೆ 10 ಮಿ.ಮೀ. ದಪ್ಪ. ದೂರ 25,000 ಮಿ.ಮೀ. ಎತ್ತರವನ್ನು ದೂರದಿಂದ ಭಾಗಿಸಿದರೆ 0.0026 ರೇಡಿಯನ್. ಒಂದು ರೇಡಿಯನ್ ಎಂದರೆ 3438 ಮಿನಿಟು. ಆದ್ದರಿಂದ ಅಕ್ಷರದ ಕೋನ ಸುಮಾರು 9 ಮಿನಿಟು, ಗೆರೆಯದು ಸುಮಾರು 1.4 ಮಿನಿಟು. ಸ್ನೆಲ್ಲೆನ್ ಫಲಕದಲ್ಲಿ 6/9 ಸಾಲಿನ ಅಕ್ಷರಕ್ಕೆ ಈ ಬೆಲೆಗಳು 7.5 ಮತ್ತು 1.5. ಅಂದರೆ ರಸ್ತೆಯ ಈ ಪರೀಕ್ಷೆ ಕೇಳುವುದು ಹೆಚ್ಚುಕಡಿಮೆ 6/9ರ ಆಸುಪಾಸಿನ ದೃಷ್ಟಿಯನ್ನು. ಫಲಕವಿಲ್ಲದ ಊರಿನಲ್ಲೂ ರಸ್ತೆಬದಿಯಲ್ಲಿ ನಿಂತು ಮಾಡಬಹುದಾದ ಪರೀಕ್ಷೆ ಇದು!

ಭಾರತದಲ್ಲಿ ಮೊದಲ ಅಖಿಲ ಭಾರತ ಮೋಟಾರು ವಾಹನ ಕಾಯ್ದೆ ಬಂದದ್ದು 1914ರಲ್ಲಿ. 1939ರ ಕಾಯ್ದೆ ಚಾಲನೆಗೆ ಅಡ್ಡಿಯಾಗುವ ರೋಗ ಮತ್ತು ಊನಗಳನ್ನು ಪಟ್ಟಿ ಮಾಡಿತು. ಅಪಸ್ಮಾರ (ಮೂರ್ಛೆರೋಗ) ಅದರಲ್ಲಿತ್ತು. ನಂಬರ್ ಪ್ಲೇಟಿನ ದೂರ ಆಗ 25 ಗಜ, ಎಂದರೆ 22.86 ಮೀಟರ್. ಬ್ರಿಟನ್ನಿನ ಪದ್ಧತಿಯಿಂದ ಬಂದ ಅಳತೆ ಇದು. 1988ರ ಕಾಯ್ದೆಯ ಕಾಲಕ್ಕೆ ಗಜ ಹೋಗಿ ಮೀಟರ್ ಬಂತು, 25 ಮಾತ್ರ ಉಳಿಯಿತು. ಅಕ್ಷರದ ಅಳತೆ ಅದೇ ಎಂದುಕೊಂಡರೆ ದೂರ ಶೇಕಡಾ 9ರಷ್ಟು ಹೆಚ್ಚಿ ಪರೀಕ್ಷೆಯೂ ಅಷ್ಟು ಕಠಿಣವಾಯಿತು ಎಂದಾಯಿತು.

ಕೆಂಪು ಹಸಿರಿನ ಕಥೆ

ಬಣ್ಣದ ಪರೀಕ್ಷೆಯ ಇತಿಹಾಸ ಇನ್ನೂ ಸ್ವಾರಸ್ಯಕರ. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ನಿಮಗೆ ಗೊತ್ತು. ಹಗಲಿನಲ್ಲಿ ನೀಲಿಯಾಗಿ ಕಂಡ ಜೆರೇನಿಯಮ್ ಹೂವು ಮೇಣದ ಬತ್ತಿಯ ಬೆಳಕಿನಲ್ಲಿ ಕೆಂಪಾಗಿ ಕಂಡದ್ದನ್ನು 1792ರಲ್ಲಿ ಅವನು ಗಮನಿಸಿದ. ಬೇರೆಯವರಿಗೆ ಅಂಥ ಬದಲಾವಣೆ ಕಾಣಲಿಲ್ಲ. 1794ರಲ್ಲಿ ಅವನು ಇದನ್ನು ಮ್ಯಾಂಚೆಸ್ಟರಿನ ವಿದ್ವತ್ಸಭೆಯ ಮುಂದಿಟ್ಟ. ತನ್ನ ಕಣ್ಣಿನೊಳಗಿನ ದ್ರವ ನೀಲಿ ಇರಬೇಕೆಂಬುದು ಅವನ ಊಹೆ. 1844ರಲ್ಲಿ ಅವನು ತೀರಿಕೊಂಡಾಗ ಅವನ ಇಚ್ಛೆಯಂತೆ ಕಣ್ಣನ್ನು ಪರೀಕ್ಷಿಸಿದರು. ದ್ರವ ತಿಳಿಯಾಗಿತ್ತು! ಉಳಿಸಿಟ್ಟಿದ್ದ ಅಂಗಾಂಶದ ಡಿಎನ್‌ಎಯನ್ನು 1995ರಲ್ಲಿ ಪರಿಶೀಲಿಸಿದಾಗ, ಮಧ್ಯಮ ತರಂಗದೂರದ ಬೆಳಕಿಗೆ ಸ್ಪಂದಿಸುವ ಶಂಕುಕೋಶಗಳ ವರ್ಣಕ ಅವನಿಗಿರಲಿಲ್ಲ ಎಂದು ತಿಳಿಯಿತು. ಕುತೂಹಲವೊಂದಕ್ಕೆ ಉತ್ತರ ಸಿಗಲು ಎರಡು ಶತಮಾನ ಬೇಕಾಯಿತು.

1875ರ ನವೆಂಬರಿನಲ್ಲಿ ಸ್ವೀಡನ್ನಿನ ಲಾಗರ್‌ಲುಂಡದಲ್ಲಿ ಎರಡು ರೈಲುಗಳು ಡಿಕ್ಕಿ ಹೊಡೆದವು. ಸಿಬ್ಬಂದಿಯ ವರ್ಣಾಂಧತೆಯೇ ಕಾರಣವೆಂದು ಶಂಕಿಸಿದ ಶರೀರಶಾಸ್ತ್ರಜ್ಞ ಹೋಮ್‌ಗ್ರೆನ್ ರೈಲು ನೌಕರರ ಪರೀಕ್ಷೆಗೆ ಉಣ್ಣೆಯ ಎಳೆಗಳನ್ನು ಬಳಸಿದ. ಒಂದು ಎಳೆಯನ್ನು ಕೊಟ್ಟು ಅದಕ್ಕೆ ಹೋಲುವವನ್ನು ರಾಶಿಯಿಂದ ಆರಿಸಲು ಹೇಳುವುದಷ್ಟೇ. ಬಣ್ಣದ ಹೆಸರನ್ನು ಅವನು ಕೇಳಲಿಲ್ಲ ಎಂಬುದನ್ನು ಗಮನಿಸಿ. ವರ್ಣಾಂಧರೂ ಚಿಕ್ಕಂದಿನಿಂದ 'ಎಲೆ ಹಸಿರು, ಮೆಣಸಿನಹಣ್ಣು ಕೆಂಪು' ಎಂದು ಕಲಿತಿರುತ್ತಾರೆ. ಹೆಸರು ಹೇಳಿದ ಮಾತ್ರಕ್ಕೆ ಬಣ್ಣ ಕಂಡಂತಲ್ಲ. ಆ ಅಪಘಾತಕ್ಕೆ ವರ್ಣಾಂಧತೆಯೇ ಕಾರಣವಾಗಿತ್ತೇ ಎಂಬುದನ್ನು ಈಚಿನ ಸಂಶೋಧಕರು ಪ್ರಶ್ನಿಸಿದ್ದಾರೆ. ಆದರೂ ಪರೀಕ್ಷೆ ಲೋಕದೆಲ್ಲೆಡೆ ಹರಡಿತು. 1917ರಲ್ಲಿ ಜಪಾನಿನ ಇಶಿಹಾರ ಚುಕ್ಕಿಗಳ ನಡುವೆ ಅಂಕಿಗಳನ್ನು ಅಡಗಿಸಿದ ಪುಟಗಳನ್ನು ಸಿದ್ಧಪಡಿಸಿದ.

ರೈಲಿಗೆಂದು ಹುಟ್ಟಿದ ಈ ಮಾನದಂಡ ರಸ್ತೆಗೂ ಹಾಗೆಯೇ ಒಪ್ಪುತ್ತದೆಯೇ? ರಸ್ತೆಯ ದೀಪಸ್ತಂಭದಲ್ಲಿ ಕೆಂಪು ಮೇಲೆ, ಹಸಿರು ಕೆಳಗೆ. ಸ್ಥಾನವೇ ಅರ್ಧ ಸಂದೇಶ ಹೇಳುತ್ತದೆ. ಕೇಂದ್ರ ಸರ್ಕಾರ 2020ರ ಜೂನ್‌ನಲ್ಲಿ ನಮೂನೆಗಳನ್ನು ತಿದ್ದಿ, ಸೌಮ್ಯ ಮತ್ತು ಮಧ್ಯಮ ಪ್ರಮಾಣದ ವರ್ಣಾಂಧತೆ ಇರುವವರಿಗೂ ಲೈಸೆನ್ಸ್ ದೊರೆಯುವಂತೆ ಮಾಡಿತು. ತೀವ್ರ ವರ್ಣಾಂಧತೆಗೆ ಮಾತ್ರ ನಿರ್ಬಂಧ ಉಳಿಯಿತು. ಎಷ್ಟೋ ಕುಟುಂಬಗಳ ಅನ್ನದ ಪ್ರಶ್ನೆ ಇದಾಗಿತ್ತು.

ಸಿದ್ಧತೆ ಎಂದರೇನು?

ಪರೀಕ್ಷೆಗೆ ಸಿದ್ಧವಾಗುವುದೆಂದರೆ ಅಕ್ಷರ ಫಲಕವನ್ನೋ ಇಶಿಹಾರ ಪುಟಗಳನ್ನೋ ಬಾಯಿಪಾಠ ಮಾಡುವುದಲ್ಲ. ಪರೀಕ್ಷೆ ಮಾಡದೆಯೇ ಸಹಿ ಬೀಳುವ ಪ್ರಮಾಣಪತ್ರವೂ ಸಿದ್ಧತೆಯಲ್ಲ. ಹಾಗೆ ಪಡೆದ ಕಾಗದ ಕಚೇರಿಯಲ್ಲಿ ಚಲಾವಣೆಯಾದೀತು, ಕತ್ತಲೆಯಲ್ಲಿ ಎದುರಿಗೆ ನಿಂತ ಎತ್ತಿನ ಗಾಡಿಯನ್ನು ಅದು ತೋರಿಸಲಾರದು. ಕನ್ನಡಕ ಧರಿಸಿ ಪರೀಕ್ಷೆಗೆ ನಿಲ್ಲಲು ನಿಯಮವೇ ಅವಕಾಶ ಕೊಟ್ಟಿದೆ. ಹಾಗಾಗಿ ಕೆಲವು ವಾರ ಮುಂಚೆಯೇ ಕಣ್ಣು ತೋರಿಸಿ, ಬೇಕಿದ್ದರೆ ಕನ್ನಡಕ ಮಾಡಿಸಿಕೊಂಡು ಅಭ್ಯಾಸವಾಗಿರುವುದು ನಿಜವಾದ ಸಿದ್ಧತೆ. ಮೂರ್ಛೆ, ಮಧುಮೇಹ, ಕಿವಿ ಮಂದವಾಗಿರುವುದು ಮೊದಲಾದವನ್ನು ವೈದ್ಯರಿಂದ ಮುಚ್ಚಿಡಬಾರದು. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯೂ ಜೊತೆಗಿರಲಿ. ಹಿಂದಿನ ರಾತ್ರಿ ನಿದ್ದೆಗೆಟ್ಟು ಹೋಗಬಾರದು.

ಓದು ಬಾರದವರ ಗತಿಯೇನು? ಅವರ ದೃಷ್ಟಿಯನ್ನೂ ಅಳೆಯಬಹುದು. ಲಾಂಡೋಲ್ಟ್ 1888ರಲ್ಲಿ ರೂಪಿಸಿದ, ಒಂದು ಕಡೆ ತೆರವಿರುವ ಉಂಗುರದ ಚಿತ್ರಕ್ಕೆ ಅಕ್ಷರಜ್ಞಾನ ಬೇಡ. ತೆರವು ಯಾವ ದಿಕ್ಕಿಗಿದೆ ಎಂದು ಕೈಯಲ್ಲಿ ತೋರಿಸಿದರೆ ಸಾಕು.

ಶಿಕ್ಷಕರೇ, ಇದನ್ನು ಶಾಲೆಯ ಬಯಲಿನಲ್ಲೇ ಮಾಡಿ ನೋಡಿ. ರಟ್ಟಿನ ಮೇಲೆ 65 ಮಿ.ಮೀ. ಎತ್ತರ, 10 ಮಿ.ಮೀ. ದಪ್ಪದ ಅಕ್ಷರಗಳನ್ನು ಬರೆಸಿ, ಹಗ್ಗದಿಂದ 25 ಮೀಟರ್ ಅಳೆಯಿರಿ. ಒಂದೊಂದೇ ಕಣ್ಣು ಮುಚ್ಚಿ ವಿದ್ಯಾರ್ಥಿಗಳು ಓದಲಿ, ಕೋನವನ್ನು ಅವರೇ ಲೆಕ್ಕ ಹಾಕಲಿ. ಓದಲಾಗದ ಮಗು ಸಿಕ್ಕರೆ ಬೈಯದೆ ಮನೆಯವರಿಗೆ ತಿಳಿಸಿ. ಹಿಂದಿನ ಬೆಂಚಿನಲ್ಲಿ ಕುಳಿತು ಬೋರ್ಡು ಕಾಣದೆ 'ದಡ್ಡ' ಎನಿಸಿಕೊಂಡವನಿಗೆ ಬೇಕಾಗಿದ್ದುದು ಒಂದು ಕನ್ನಡಕವಷ್ಟೇ ಇರಬಹುದು.