ವೇತನ ಏರಿಕೆಯೂ ಸಾದಿಲ್ವಾರು ಹಣವೂ

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ದುಡಿಯುವ ಕನ್ನಡಿಗರ ಸಂಖ್ಯೆ ಸಣ್ಣದಲ್ಲ. ಪ್ರತಿವರ್ಷ ವೇತನ ಪರಿಶೀಲನಾ ಮಂಡಳಿಗಳ ಶಿಫಾರಸು ಹೊರಬಂದಾಗ ಇಲ್ಲಿನ ನಮ್ಮವರ ಮಾತುಕತೆ ಶೇಕಡಾವಾರು ಏರಿಕೆಯ ಸುತ್ತಲೇ ತಿರುಗುವುದನ್ನು ಕಂಡಿದ್ದೇನೆ. ಆ ಹಣ ಯಾವ ಬೊಕ್ಕಸದಿಂದ ಬರುತ್ತದೆ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯವೆಂದು ನಾನು ಭಾವಿಸುತ್ತೇನೆ.

ಅನಿರೀಕ್ಷಿತ ವೆಚ್ಚಕ್ಕೆಂದು ಎತ್ತಿಡುವ ಮೊತ್ತಕ್ಕೆ ನಮ್ಮ ಆಡಳಿತ ಕನ್ನಡದಲ್ಲಿ 'ಸಾದಿಲ್ವಾರು' ಎಂಬ ಹಳೆಯ ಪದವಿದೆ. ಬ್ರಿಟನ್ನಿನಲ್ಲಿ ಇಂಥ ಏರ್ಪಾಡುಗಳು ಎರಡು. ಒಂದು, ಖಜಾನೆ ಇಲಾಖೆಯ 'ರಿಸರ್ವ್'. ಇದು ಕೂಡಿಟ್ಟ ನಗದಲ್ಲ. ಒಟ್ಟು ವೆಚ್ಚದ ಮಿತಿಯೊಳಗೆ ಯಾವ ಇಲಾಖೆಗೂ ಹಂಚದೆ ಉಳಿಸಿಕೊಂಡ ಪಾಲು. ಇನ್ನೊಂದು 'ಕಂಟಿಂಜೆನ್ಸೀಸ್ ಫಂಡ್'. ಸಂಸತ್ತಿನ ಒಪ್ಪಿಗೆ ದೊರೆಯುವವರೆಗೆ ಇಲಾಖೆಗಳಿಗೆ ಮುಂಗಡ ಕೊಟ್ಟು, ಬಳಿಕ ಮರಳಿ ಪಡೆಯುವ ನಿಧಿ ಇದು. 1974ರ ಕಾಯಿದೆ ಇದರ ಗಾತ್ರವನ್ನು ಹಿಂದಿನ ವರ್ಷ ಸಂಸತ್ತು ಮಂಜೂರು ಮಾಡಿದ ವೆಚ್ಚದ ಶೇಕಡ 2ಕ್ಕೆ ಸೀಮಿತಗೊಳಿಸಿತ್ತು. ಕೋವಿಡ್ ಎರಗಿದ 2020ರಲ್ಲಿ ಆ ಮಿತಿಯನ್ನು ತಾತ್ಕಾಲಿಕವಾಗಿ ಶೇಕಡ 50ಕ್ಕೆ ಏರಿಸಲಾಯಿತು. ವೇತನದ ಚರ್ಚೆಯಲ್ಲಿ ಕೇಳಿಬರುವುದು ಮುಖ್ಯವಾಗಿ ಮೊದಲನೆಯದು.

2024ರ ಬೇಸಿಗೆ ಇದಕ್ಕೆ ತಕ್ಕ ನಿದರ್ಶನ. ಆರೋಗ್ಯ ಸೇವೆಯ ಆಯವ್ಯಯ ಶೇಕಡ 2ರ ಆಸುಪಾಸಿನ ಏರಿಕೆಯನ್ನು ಅಂದಾಜಿಸಿತ್ತು. ಮಂಡಳಿಗಳು ಇಂಗ್ಲೆಂಡಿನ ದಾದಿಯರಿಗೂ ಶಿಕ್ಷಕರಿಗೂ ಶೇಕಡ 5.5ರಷ್ಟು ಏರಿಕೆಯನ್ನು ಶಿಫಾರಸು ಮಾಡಿದವು. ಜುಲೈ 29ರಂದು ಅವನ್ನು ಒಪ್ಪಿಕೊಂಡ ಹಣಕಾಸು ಸಚಿವೆ ರೇಚಲ್ ರೀವ್ಸ್, ಆರ್ಥಿಕ ವರ್ಷದ ಮೂರೇ ತಿಂಗಳಲ್ಲಿ ರಿಸರ್ವ್‌ನ ಮೂರು ಪಟ್ಟಿಗೂ ಮೀರಿದ ಹೊಣೆ ಬಿದ್ದಿದೆ ಎಂದರು. ಅವರು ಮುಂದಿಟ್ಟ ಸುಮಾರು 2,200 ಕೋಟಿ ಪೌಂಡ್ ಕೊರತೆಯಲ್ಲಿ ವೇತನದ ಪಾಲು 940 ಕೋಟಿ. ಇಲಾಖೆಗಳು ಕನಿಷ್ಠ 320 ಕೋಟಿಯನ್ನು ತಮ್ಮ ಉಳಿತಾಯದಿಂದಲೇ ಭರಿಸಬೇಕೆಂದು ಸೂಚಿಸಲಾಯಿತು. ಹಿಂದಿನ ಸರ್ಕಾರದವರು ಈ ಲೆಕ್ಕವನ್ನು ಒಪ್ಪಲಿಲ್ಲ. ವೇತನ ಏರಿಕೆ ಹೊಸ ಸರ್ಕಾರದ್ದೇ ಆಯ್ಕೆ ಎಂಬುದು ಅವರ ವಾದ.

ರಾಜಕೀಯವನ್ನು ಬದಿಗಿಟ್ಟು ನೋಡಿದರೂ ಒಂದು ತೊಡಕು ಉಳಿಯುತ್ತದೆ. ಸಾದಿಲ್ವಾರು ಹಣ ಒಂದು ವರ್ಷದ್ದು. ವೇತನ ಏರಿಕೆ ಶಾಶ್ವತವಾದದ್ದು. ಒಂದು ಇಲಾಖೆಯ ವೇತನ ವೆಚ್ಚ 1,000 ಪೌಂಡ್ ಎಂದಿಟ್ಟುಕೊಳ್ಳೋಣ. ಶೇಕಡ 2ಕ್ಕೆ ಬದಲು 5.5 ಕೊಟ್ಟರೆ ಹೆಚ್ಚುವರಿ ಹೊರೆ 35 ಪೌಂಡ್. ಮೀಸಲಿನಿಂದ ಅದನ್ನು ಈ ವರ್ಷ ತುಂಬಬಹುದು. ಮುಂದಿನ ವರ್ಷ ಎಲ್ಲರಿಗೂ ಶೇಕಡ 3 ಏರಿಸಿದರೆ ಆ 35 ಪೌಂಡ್ 36 ದಾಟುತ್ತದೆ. ಪಿಂಚಣಿಯ ಹೊಣೆಯೂ ಬೆಳೆಯುತ್ತದೆ. ಆಗ ಬೇಕಾಗುವುದು ತೆರಿಗೆ, ಸಾಲ ಅಥವಾ ಬೇರೊಂದು ಸೇವೆಯ ಕಡಿತ.

ಭಾರತದ ಸಂವಿಧಾನದ 267ನೆಯ ವಿಧಿ ಕೇಂದ್ರಕ್ಕೂ ರಾಜ್ಯಗಳಿಗೂ ಇಂಥ ನಿಧಿಗೆ ಅವಕಾಶ ಕಲ್ಪಿಸಿದೆ. ಅಲ್ಲಿಯೂ ಅದು ಶಾಸಕಾಂಗದ ಅನುಮೋದನೆಗೆ ಮುನ್ನ ಕೊಡುವ ಮುಂಗಡವಷ್ಟೆ. ಕರ್ನಾಟಕದ ಏಳನೆಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂದಾಗ ವರ್ಷಕ್ಕೆ 20,208 ಕೋಟಿ ರೂಪಾಯಿಗಳ ಹೆಚ್ಚುವರಿ ಹೊರೆಯನ್ನು ಸರ್ಕಾರ ಅಂದಾಜಿಸಿತ್ತು. ಪ್ರತಿವರ್ಷ ಮರುಕಳಿಸುವ ಇಷ್ಟು ದೊಡ್ಡ ವೆಚ್ಚವನ್ನು ಯಾವ ಮುಂಗಡ ನಿಧಿಯೂ ಹೊರಲಾರದು. ಅದರ ಜಾಗ ಆಯವ್ಯಯದಲ್ಲೇ.

ಹಾಗೆಂದು ದಾದಿಯರ ಬೇಡಿಕೆ ಅತಿಯಾದದ್ದೆಂದು ನಾನು ಹೇಳುತ್ತಿಲ್ಲ. ಬೆಲೆಯೇರಿಕೆಯಲ್ಲಿ ಸವೆದ ಸಂಬಳವನ್ನು ಸರಿಪಡಿಸದಿದ್ದರೂ ವೆಚ್ಚ ತಪ್ಪದು: ಮುಷ್ಕರ, ಖಾಲಿ ಹುದ್ದೆ, ಏಜೆನ್ಸಿಗಳ ಮೂಲಕ ದುಬಾರಿ ದರಕ್ಕೆ ಕರೆತರುವ ಸಿಬ್ಬಂದಿ. ವೇತನದ ನಿರ್ಧಾರ ವರ್ಷವರ್ಷವೂ ಬರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದನ್ನು ಬೇಕೆಂದೇ ಕಡಿಮೆ ಅಂದಾಜಿಸಿ, ಬಳಿಕ 'ಅನಿರೀಕ್ಷಿತ' ಎಂದು ಕರೆಯುವುದು ಸಲ್ಲದು. ಹಾಗೆ ಮೀಸಲು ಬರಿದಾದರೆ, ನಿಜಕ್ಕೂ ಸಾಂಕ್ರಾಮಿಕವೋ ಯುದ್ಧವೋ ಎರಗಿದ ದಿನ ಕೈ ಖಾಲಿಯಾಗಿರುತ್ತದೆ. ಆದ್ದರಿಂದ ಏರಿಕೆ ಎಷ್ಟು ಎಂದು ಕೇಳುವಾಗಲೇ, ಎರಡನೆಯ ವರ್ಷ ಅದನ್ನು ಯಾರು ಕೊಡುತ್ತಾರೆ ಎಂದೂ ಕೇಳಬೇಕು. ಸಂಬಳ ಪಡೆಯುವವರಿಗೂ ತೆರಿಗೆ ಕಟ್ಟುವವರಿಗೂ ಆ ಉತ್ತರ ಸಮಾನವಾಗಿ ಬೇಕಾದದ್ದು.